ಶಟರ್ ಇಳಿಯುವ ಹೊತ್ತು: ಹುಬ್ಬಳ್ಳಿಯ 47ರ ವ್ಯಾಪಾರಿ, ಹನ್ನೆರಡು ತಿಂಗಳು

ಇದು ಒಬ್ಬರದೇ ಕಡತವಲ್ಲ. ಹುಬ್ಬಳ್ಳಿ-ಧಾರವಾಡದ ಪೇಟೆಗಳಲ್ಲಿ ಅಂಗಡಿ ನಡೆಸುವ ನಡುವಯಸ್ಸಿನ ಗಂಡಸರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಮಾದರಿ ಪ್ರಕರಣ. ಇಲ್ಲಿನ ಅಂಕಿಗಳು ಆ ಮಾದರಿಗೆ ಹೊಂದುವಂತೆ ಇಟ್ಟವು. ಔಷಧದ ಹೆಸರು ಬಂದಲ್ಲೆಲ್ಲ ಅದು ವೈದ್ಯರು ನೋಡಿ ಬರೆದದ್ದು ಎಂದೇ ಓದಬೇಕು.

ವ್ಯಕ್ತಿಗೆ 47 ವರ್ಷ. ತಂದೆಯ ಕಾಲದ ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ, ತಮ್ಮನೊಂದಿಗೆ ಪಾಲು. ಮನೆ ನವನಗರದಲ್ಲಿ. ಹೆಂಡತಿ ಬಿ.ಕಾಂ. ಓದಿದವರು, ಮಗಳು ಪಿಯುಸಿ ಎರಡನೇ ವರ್ಷ, ಮಗ ಒಂಬತ್ತನೇ ತರಗತಿ. ಅಂಗಡಿ ತೆಗೆಯುವುದು ಬೆಳಿಗ್ಗೆ 10ಕ್ಕೆ, ಶಟರ್ ಎಳೆಯುವುದು ರಾತ್ರಿ 9.30ಕ್ಕೆ, ಗಲ್ಲಾ ಎಣಿಸಿ ಗಾಡಿ ಹತ್ತುವಷ್ಟರಲ್ಲಿ 10. ಊಟ 10.45ಕ್ಕೆ: ನಾಲ್ಕು ಜೋಳದ ರೊಟ್ಟಿ, ಮೇಲೆ ಒಂದು ತಾಟು ಅನ್ನ ಸಾರು. 11.30ಕ್ಕೆ ಹಾಸಿಗೆ. ಸಂಜೆ ಆರಕ್ಕೆ ತಪ್ಪದೆ ಗಿರ್ಮಿಟ್ ಮಿರ್ಚಿ. ದಿನಕ್ಕೆ 7 ಕಪ್ ಚಹಾ, ಕಪ್ಪಿಗೆ 2 ಚಮಚ ಸಕ್ಕರೆ. ಚಹಾದಿಂದಲೇ 60 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತಿತ್ತು. ಜೊತೆಗೆ ಗುಟ್ಕಾ. ಕರ್ನಾಟಕದಲ್ಲಿ 2013ರಲ್ಲಿ ಅದು ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬಾಯಲ್ಲಿ ಕಲಸಿದ ಮೇಲೆ ಎರಡೂ ಒಂದೇ. ಇವರದು ದಿನಕ್ಕೆ 6 ಜೋಡಿ.

ಜನವರಿಯಲ್ಲಿ ಜಿಮ್ ಸೇರಿ 11ನೇ ದಿನಕ್ಕೆ ಬಿಟ್ಟಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಸೋಮಾರಿತನ ಅಂದರು, ಇವರೂ ಒಪ್ಪಿಕೊಂಡರು. ಆ ಲೆಕ್ಕ ತಪ್ಪು. ಹನ್ನೊಂದೂವರೆಗೆ ಮಲಗಿದವರು ಐದಕ್ಕೆ ಎದ್ದು ಭಾರ ಎತ್ತಲು ಹೋದರೆ ಸಿಗುವುದು ಐದೂವರೆ ತಾಸಿನ ನಿದ್ದೆ. ಆ ನಿದ್ದೆಯೂ ನಿದ್ದೆಯಾಗಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಮಾರ್ಚ್‌ನಲ್ಲಿ ಹಾವೇರಿಯಿಂದ ವಸೂಲಿ ಮುಗಿಸಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬರುವಾಗ ಸ್ಟೇರಿಂಗ್ ಮೇಲೆಯೇ ಕಣ್ಣು ಮುಚ್ಚಿತು. ಗಾಡಿ ರಸ್ತೆಯಂಚಿನ ಮಣ್ಣಿಗೆ ಇಳಿದು ಅಲುಗಿದಾಗ ಎಚ್ಚರ. ಯಾರಿಗೂ ಪೆಟ್ಟಾಗಲಿಲ್ಲ. ಮನೆಯಲ್ಲಿ ಹೇಳಿದ್ದು ಎರಡು ವಾರದ ನಂತರ.

ವೈದ್ಯರ ಮುಂದೆ ಕೂತಾಗ ಇವರ ಬಾಯಿಂದ ಬಂದದ್ದು ಒಂದೇ ಪದ: "ಸುಸ್ತು." ಉಳಿದದ್ದನ್ನೆಲ್ಲ ಹೇಳಿದವರು ಹೆಂಡತಿ. "ಗೊರಕಿ ಹೊಡೀತಾರ್ರೀ, ನಡುವ ಒಮ್ಮಿಗೇ ನಿಂತಬಿಡ್ತೈತಿ. ಉಸರ ಬಂತೋ ಇಲ್ಲೋ ಅಂತ ನಾ ಎದ್ದ ಕುಂದರ್ತೀನಿ. ಈಗ ಎರಡ ವರ್ಷ ಆತು, ಮಗಳ ಖೋಲಿಯೊಳಗ ಮಲಗಾಕತ್ತೇನಿ." ಇಂಥ ಪ್ರಕರಣದಲ್ಲಿ ಗಂಡಸನ್ನು ಒಬ್ಬನನ್ನೇ ಕೂರಿಸಿ ಕೇಳಿದರೆ ಅರ್ಧ ಕಾಯಿಲೆ ಹೊರಗೇ ಉಳಿಯುತ್ತದೆ. ತಾನು ನಿದ್ದೆಯಲ್ಲಿ ಉಸಿರು ಕಟ್ಟುತ್ತೇನೆ ಎಂದು ಮಲಗಿದವನಿಗೆ ತಿಳಿಯುವುದು ಹೇಗೆ?

ಆ ದಿನದ ಅಳತೆಗಳು ಹೀಗಿದ್ದವು. ಎತ್ತರ 168 ಸೆಂ.ಮೀ., ತೂಕ 86 ಕಿಲೊ, ಸೊಂಟ 104 ಸೆಂ.ಮೀ. ಭಾರತೀಯ ಗಂಡಸರಿಗೆ ಸೊಂಟ 90 ದಾಟಿದರೇ ಅಪಾಯದ ಗೆರೆ. ರಕ್ತದೊತ್ತಡ 148/94. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.9; 6.5 ಮುಟ್ಟಿದರೆ ಮಧುಮೇಹ. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 262, ಒಳ್ಳೆಯ ಕೊಬ್ಬು (ಎಚ್‌ಡಿಎಲ್) 34. ಕಿಡ್ನಿ, ಕಣ್ಣಿನ ಪರದೆ ಸರಿ ಇದ್ದವು. ಕುತ್ತಿಗೆಯ ಸುತ್ತಳತೆ 42. ಈ ಕೊನೆಯದನ್ನು ಅಳೆಯುವವರು ಕಡಿಮೆ, ಆದರೆ ಇಲ್ಲಿ ದಾರಿ ತೋರಿಸಿದ್ದು ಅದೇ. ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಕಂಡವರು, ಬಿಪಿ, ದಪ್ಪ ಕುತ್ತಿಗೆ, ಗಂಡಸು: ನಿದ್ರಾ ಉಸಿರುಗಟ್ಟುವಿಕೆಯನ್ನು ಶೋಧಿಸುವ ಎಂಟು ಪ್ರಶ್ನೆಗಳ ಪಟ್ಟಿಯಲ್ಲಿ ಇವರಿಗೆ ಆರು ಅಂಕ ಬಂದವು. ಐದು ಬಂದರೇ ಪರೀಕ್ಷೆ ಮಾಡಿಸಬೇಕು.

ಪರೀಕ್ಷೆ ಮನೆಯಲ್ಲೇ ಆಯಿತು. ಒಂದು ರಾತ್ರಿ ಬೆರಳಿಗೆ ಆಮ್ಲಜನಕದ ಕ್ಲಿಪ್, ಮೂಗಿಗೆ ಸಣ್ಣ ನಳಿಗೆ, ಎದೆಗೆ ಪಟ್ಟಿ. ಫಲಿತಾಂಶ: ತಾಸಿಗೆ ಸರಾಸರಿ 34 ಸಲ ಉಸಿರು ನಿಲ್ಲುವುದು ಇಲ್ಲವೇ ಸೊರಗುವುದು. 5ರ ಒಳಗೆ ಸಹಜ, 30 ದಾಟಿದರೆ ತೀವ್ರ. ಮಲಗಿದಾಗ ಗಂಟಲಿನ ಮೆತ್ತನೆ ಭಾಗ ಕುಸಿದು ದಾರಿ ಮುಚ್ಚುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಒದ್ದು ಎಬ್ಬಿಸುತ್ತದೆ. ಪ್ರತಿ ಒದೆತಕ್ಕೂ ಅಡ್ರಿನಲಿನ್ ಏರುತ್ತದೆ, ಅದರ ಹಿಂದೆ ಬಿಪಿ ಏರುತ್ತದೆ, ಇನ್ಸುಲಿನ್ ಮಾತು ಕೇಳದಂತಾಗುತ್ತದೆ, ಮರುದಿನ ಸಿಹಿ ಮತ್ತು ಎಣ್ಣೆ ತಿಂಡಿಯ ಬಯಕೆ ಹೆಚ್ಚುತ್ತದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನು ಇವರು ಸಕ್ಕರೆಯ ಲಕ್ಷಣ ಎಂದುಕೊಂಡಿದ್ದರು. ಸಕ್ಕರೆ ಇಲ್ಲದಿದ್ದರೂ ಉಸಿರುಗಟ್ಟುವ ಕಾಯಿಲೆ ಅಷ್ಟು ಸಲ ಎಬ್ಬಿಸಬಲ್ಲದು.

ಹೀಗಾಗಿ ಮೊದಲ ಆರು ವಾರ ಜಿಮ್ ಇಲ್ಲ, ಪಥ್ಯದ ದೊಡ್ಡ ಪಟ್ಟಿ ಇಲ್ಲ. ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ ಶುರುವಾದವು. ಮಲಗುವಾಗ ಹಾಕಿಕೊಳ್ಳುವ ಉಸಿರಿನ ಯಂತ್ರಕ್ಕೆ ಹೊಂದಿಕೊಳ್ಳುವ ತನಕ ಒಬ್ಬರೇ ಹೆದ್ದಾರಿಯಲ್ಲಿ ಗಾಡಿ ಓಡಿಸಬಾರದು ಎಂಬ ಕಟ್ಟುನಿಟ್ಟು. ನವನಗರದಿಂದ ಪೇಟೆಗೆ ಚಿಗರಿ ಎಂಬ ತ್ವರಿತ ಬಸ್. ಉಳಿದ ಗಮನವೆಲ್ಲ ಎರಡರ ಮೇಲೆ: ಮಲಗುವ ಯಂತ್ರ ಮತ್ತು ಶಟರ್.

ಸಿಪ್ಯಾಪ್ ಎಂಬ ಯಂತ್ರ ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಕುಸಿಯದಂತೆ ಹಿಡಿಯುತ್ತದೆ. ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮಾತು. ಬಾಡಿಗೆಗೆ ಸಿಗುವುದಾದರೆ ಎರಡು ವಾರ ಬಳಸಿ ನೋಡಿ ಕೊಳ್ಳುವುದು ಒಳ್ಳೆಯದು, ಏಕೆಂದರೆ ಬಹಳ ಮನೆಗಳಲ್ಲಿ ಇದು ಮೂರೇ ವಾರಕ್ಕೆ ಅಲಮಾರಿ ಸೇರುತ್ತದೆ. ಕಾರಣ ಯಂತ್ರವಲ್ಲ, ಮುಖವಾಡ. ಇವರಿಗೂ ಹಾಗೇ ಆಗುತ್ತಿತ್ತು. ಮೂಗು-ಬಾಯಿ ಎರಡನ್ನೂ ಮುಚ್ಚುವ ಮುಖವಾಡ ಕೊಟ್ಟಿದ್ದರು. ಇವರದು ದಪ್ಪ ಮೀಸೆ. ಮೀಸೆಯ ಮೇಲೆ ರಬ್ಬರಿನ ಅಂಚು ಕೂರದೆ ಗಾಳಿ ಸೋರಿ ಕಣ್ಣಿಗೆ ಹೊಡೆಯಿತು. ಪಟ್ಟಿ ಬಿಗಿ ಮಾಡಿದರು, ಮೂಗಿನ ಸೇತುವೆ ಮೇಲೆ ಹುಣ್ಣಾಯಿತು. ಐದನೇ ರಾತ್ರಿಗೆ ಕಿತ್ತೆಸೆದರು. ಮೀಸೆ ತೆಗೆಯಿರಿ ಎಂಬ ಸಲಹೆ ಬಂತು, ಅದಕ್ಕೆ ಇವರು ಒಪ್ಪುವವರಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಮೂಗಿನ ಹೊಳ್ಳೆಗೇ ಕೂರುವ ಮೆತ್ತನೆ ದಿಂಬಿನ ಮಾದರಿ ಹಾಕಿದ ಮೇಲೆ ಸೋರಿಕೆ ನಿಂತಿತು.

ಆಮೇಲೆ ಬಾಯಿ ಒಣಗುವುದು. ಮಲಗುವ ಮುಂಚೆ ಉಪ್ಪುನೀರಿನ ಸ್ಪ್ರೇಯಿಂದ ಮೂಗು ತೊಳೆದು, ಯಂತ್ರದ ತೇವ ಕೊಡುವ ತೊಟ್ಟಿಯನ್ನು ಬಳಸಿದಾಗ ಅದೂ ಇಳಿಯಿತು. ಆ ತೊಟ್ಟಿಗೆ ಬೋರ್ ನೀರು ಹಾಕಿದರೆ ವಾರದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಬೇಕು, ದಿನಾ ಚೆಲ್ಲಿ ಹೊಸದು ಹಾಕಬೇಕು. ಮೂಗಿನ ದಿಂಬನ್ನು ಪ್ರತಿ ಬೆಳಿಗ್ಗೆ ಸೌಮ್ಯ ಸೋಪಿನಲ್ಲಿ ತೊಳೆಯಬೇಕು, ಇಲ್ಲವಾದರೆ ಮುಖದ ಜಿಡ್ಡಿಗೆ ಅಂಚು ಜಾರುತ್ತದೆ. ಕರೆಂಟು ಹೋಗುವ ರಾತ್ರಿಗೆ ಮನೆಯ ಇನ್ವರ್ಟರ್‌ನಿಂದ ಒಂದು ಪ್ಲಗ್. ರಾತ್ರಿಗೆ ಕನಿಷ್ಠ 4 ತಾಸು, ಹತ್ತರಲ್ಲಿ ಏಳು ರಾತ್ರಿ: ಬಳಕೆ ಸಾಲುತ್ತಿದೆ ಎನ್ನಲು ವೈದ್ಯರು ಹಿಡಿಯುವ ಕೆಳಗಿನ ಗೆರೆ ಇದು. ಇವರು ಆರನೇ ವಾರಕ್ಕೆ 5 ತಾಸು ಮುಟ್ಟಿದರು. ರಾತ್ರಿ ಮೂತ್ರಕ್ಕೆ ಏಳುವುದು ಮೂರರಿಂದ ಒಂದಕ್ಕೆ ಇಳಿಯಿತು. ಹೆಂಡತಿ ಮಗಳ ಖೋಲಿಯಿಂದ ವಾಪಸು ಬಂದರು.

ಆದರೆ ಹತ್ತೂಮುಕ್ಕಾಲಿಗೆ ಉಂಡು ಮಲಗುವವನಿಗೆ ಯಾವ ಯಂತ್ರವೂ ಪೂರ್ತಿ ನಿದ್ದೆ ಕೊಡಲಾರದು. ಹೊಟ್ಟೆ ತುಂಬಿ ಮಲಗಿದರೆ ಎದೆಯುರಿ, ಬೆಳಗಿನ ಸಕ್ಕರೆ ಎರಡೂ ಏರುತ್ತವೆ. ಬೇಗ ಮುಚ್ಚಿರಿ ಅಂದಾಗ ಇವರ ಉತ್ತರ: "ಕಾಂಟ್ರಾಕ್ಟರ್ ಮಂದಿ ಬರೋದ ರಾತ್ರಿರೀ. ಬಾಗಲಾ ಹಾಕಿದ್ರ ಬ್ಯಾರೆ ಅಂಗಡಿ ಹಿಡೀತಾರ." ವಾದ ಮಾಡದೆ ಅಳೆಯುವುದೆಂದು ಮಾತಾಯಿತು. 18 ದಿನ ಪ್ರತಿ ಬಿಲ್ಲಿನ ಮೇಲೆ ಹೊತ್ತು, ನಗದೋ ಉದ್ರಿಯೋ ಎಂಬುದನ್ನು ಬರೆದರು. ಬಿಲ್ಲಿಂಗ್ ತಂತ್ರಾಂಶವಿದ್ದರೆ ಆ ಹೊತ್ತು ಅದರಲ್ಲೇ ಇರುತ್ತದೆ, ಇವರದು ಕೈಬಿಲ್ಲು. ರಾತ್ರಿ 8ರ ನಂತರದ ವ್ಯಾಪಾರ ದಿನದ ಹನ್ನೆರಡನೇ ಒಂದು ಪಾಲು, ಅದರಲ್ಲಿ ಮುಕ್ಕಾಲು ಉದ್ರಿ. ಕಾಂಟ್ರಾಕ್ಟರರು ಬರುತ್ತಿದ್ದದ್ದು ನಿಜ, ಬಂದು ಚಹಾ ಕುಡಿದು ಕೂರುತ್ತಿದ್ದರು. ಮಾಲು ಬೇಕಾಗುತ್ತಿದ್ದದ್ದು ಮರುದಿನ ಬೆಳಿಗ್ಗೆ ಕೆಲಸದ ಜಾಗದಲ್ಲಿ. ಆ ಹೊತ್ತಿಗೆ ಅಂಗಡಿ ತೆರೆದೇ ಇರುತ್ತಿರಲಿಲ್ಲ.

ಹಾಗಾಗಿ ತಾಸುಗಳನ್ನು ಕಡಿಮೆ ಮಾಡಲಿಲ್ಲ, ಜರುಗಿಸಿದರು. ಬೆಳಿಗ್ಗೆ 8.30ಕ್ಕೆ ತೆರೆಯುವುದು, ರಾತ್ರಿ 8ಕ್ಕೆ ಶಟರ್. ಸಂಜೆ 7ರವರೆಗೆ ವಾಟ್ಸ್‌ಆಪ್‌ನಲ್ಲಿ ಬಂದ ಪಟ್ಟಿಯನ್ನು ಕಟ್ಟಿಟ್ಟು ಬೆಳಿಗ್ಗೆ 9ರೊಳಗೆ ಸೈಟಿಗೆ ಕಳಿಸುವುದು. ಗಲ್ಲಾ ಲೆಕ್ಕ 7.30ಕ್ಕೆ ಒಮ್ಮೆ, ಉಳಿದದ್ದು ಮರುದಿನಕ್ಕೆ. ತಮ್ಮ ತೆರೆಯುತ್ತಾನೆ, ಅಣ್ಣ ಬೆಳಿಗ್ಗೆ ಹತ್ತಕ್ಕೆ ಬಂದು ರಾತ್ರಿ ಮುಚ್ಚುತ್ತಾನೆ; ವಾರ ಬಿಟ್ಟು ವಾರ ಅದಲು ಬದಲು. ಹೇಳಿದಷ್ಟು ಸುಲಭವಾಗಲಿಲ್ಲ. ಬೆಳಗಿನ ಗಲ್ಲಾ ತಮ್ಮನ ಕೈಗೆ ಹೋಗುವುದು ಇವರಿಗೆ ಸಹಿಸಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಎರಡು ವಾರ ತಾವೇ 8.30ಕ್ಕೂ ಬಂದು ರಾತ್ರಿ 8ಕ್ಕೂ ಮುಚ್ಚಿದರು. ದಿನಕ್ಕೆ ಹನ್ನೊಂದೂವರೆ ತಾಸು ಮೊದಲಿನಷ್ಟೇ ಉಳಿಯಿತು, ಬೆಳಗಿನ ವ್ಯಾಯಾಮಕ್ಕೆ ಜಾಗವೇ ಸಿಗಲಿಲ್ಲ. ಕೊನೆಗೆ ಯಾರು ಎಷ್ಟರವರೆಗೆ ಉದ್ರಿ ಕೊಡಬಹುದು, ಗಲ್ಲಾದಲ್ಲಿ ಎಷ್ಟು ಬಿಡಬೇಕು, ಯಾವ ಕೊಳ್ಳುವಿಕೆಗೆ ಇಬ್ಬರ ಸಹಿ ಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಅಣ್ಣತಮ್ಮ ಇಬ್ಬರೂ ಸಹಿ ಹಾಕಿದ ಮೇಲೆ ನಡೆಯಿತು. ಅಪ್ಪನ ಕಾಲದ ಪಾಲುದಾರಿಕೆಯಲ್ಲಿ ಈ ಹಾಳೆ ಇಲ್ಲದೆ ಇರುವುದೇ ಹೆಚ್ಚು, ಗಂಡಸರ ಬಿಪಿಗೆ ಅದರ ಕೊಡುಗೆ ಸಣ್ಣದಲ್ಲ.

ಉದ್ರಿ ವಹಿಯನ್ನು ಹೆಂಡತಿ ವಹಿಸಿಕೊಂಡರು. ಒಟ್ಟು ಬಾಕಿ 11 ಲಕ್ಷ. ಅವರು ಮಾಡಿದ್ದು ಇಷ್ಟೇ: 30 ದಿನದೊಳಗಿನದು, 30ರಿಂದ 90ರದು, 90 ದಾಟಿದ್ದು ಎಂದು ಮೂರು ಪಟ್ಟಿ ಮಾಡಿ, ಪ್ರತಿ ತಿಂಗಳ 3ನೇ ತಾರೀಖು ಒಂದು ಸಂದೇಶ ಕಳಿಸಿದರು, 90 ದಾಟಿದವರಿಗೆ ಹೊಸ ಮಾಲು ನಗದಿಗೆ ಮಾತ್ರ. ವರ್ಷದ ಕೊನೆಗೆ ಬಾಕಿ ಆರೂವರೆ ಲಕ್ಷಕ್ಕೆ ಇಳಿಯಿತು. ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಇಬ್ಬರೂ 90 ದಾಟಿದವರೇ.

ಊಟ ಈಗ 8.45ಕ್ಕೆ, ಹಾಸಿಗೆ 10.30ಕ್ಕೆ. ಏನು ಉಣ್ಣಬೇಕು ಎಂಬುದಕ್ಕೆ ಹೆಚ್ಚು ಕಸರತ್ತು ಬೇಕಾಗಲಿಲ್ಲ, ಉತ್ತರ ಕರ್ನಾಟಕದ ಅಡುಗೆಯಲ್ಲೇ ಬೇಕಾದದ್ದೆಲ್ಲ ಇದೆ. ಕೆಡಿಸುವುದು ಅಳತೆ. "ಜ್ವಾಳದ ರೊಟ್ಟಿ ತಿಂದ್ರ ಸಕ್ರಿ ಏರೂದಿಲ್ಲ" ಎಂಬ ನಂಬಿಕೆ ಇಲ್ಲಿ ಗಟ್ಟಿ. ಸುಮಾರು 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ 35 ಗ್ರಾಂ ಪಿಷ್ಟವಿದೆ. ನಾಲ್ಕು ರೊಟ್ಟಿ, ಮೇಲೆ ಅನ್ನ ಅಂದರೆ ಒಂದೇ ಊಟಕ್ಕೆ 180 ಗ್ರಾಂ ಹತ್ತಿರ. ಎರಡು ರೊಟ್ಟಿಗೆ ಇಳಿಸಿ, ಅನ್ನವನ್ನು ಮಧ್ಯಾಹ್ನಕ್ಕೆ ಒಂದು ಬಟ್ಟಲಿಗೆ ಸೀಮಿತ ಮಾಡಿ, ಖಾಲಿಯಾದ ಜಾಗಕ್ಕೆ ಮಡಕಿಕಾಳು, ಹೆಸರುಕಾಳಿನ ಪಲ್ಯ ಎರಡು ಪಟ್ಟು, ಮೆಂತ್ಯ-ಮೂಲಂಗಿಯ ಪಚಡಿ, ಒಂದು ಬಟ್ಟಲು ಮೊಸರು. ಸಸ್ಯಾಹಾರಿ ಮನೆಯಾದ್ದರಿಂದ ಪ್ರೋಟೀನ್ ಲೆಕ್ಕ ಮುಖ್ಯ: 100 ಗ್ರಾಂ ಒಣ ಕಾಳಿನಲ್ಲಿ 22-24 ಗ್ರಾಂ, 30 ಗ್ರಾಂ ಶೇಂಗಾದಲ್ಲಿ 7-8, 200 ಗ್ರಾಂ ಮೊಸರಿನಲ್ಲಿ 6-7. ದಿನಕ್ಕೆ 65 ಗ್ರಾಂ ಗುರಿ. ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ಚಮಚ ಸಾಕು. ಅದರ ಮೇಲೆ ಎಣ್ಣೆ ಸುರಿಯುವ ರೂಢಿ ಬಿಡಬೇಕಾಯಿತು. ಚಹಾ ಮೂರಕ್ಕೆ, ಸಕ್ಕರೆ ಅರ್ಧ ಚಮಚಕ್ಕೆ. ಗಿರ್ಮಿಟ್ ವಾರಕ್ಕೆರಡು ಸಲ ಉಳಿಯಿತು, ಮಿರ್ಚಿ ಒಂದೇ ಸಲ. ಶ್ರಾವಣ ಸೋಮವಾರದ ಉಪವಾಸ ಮಾತ್ರ ಕೈಕೊಟ್ಟಿತು: ಸಾಬೂದಾಣಿ ಖಿಚಡಿ ತಿಂದ ಎರಡು ತಾಸಿಗೆ ಸಕ್ಕರೆ 240. ಸಾಬೂದಾಣಿ ಬಹುಪಾಲು ಬರಿಯ ಪಿಷ್ಟ. ನಂತರದ ಸೋಮವಾರಗಳಲ್ಲಿ ಹಾಲು, ಹುರಿದ ಶೇಂಗಾ, ಪೇರಲ ಹಣ್ಣು.

ವ್ಯಾಯಾಮ ಏಳನೇ ವಾರಕ್ಕೆ ಬಂತು. ಮಧುಮೇಹ, ತಂಬಾಕು ಎರಡೂ ಇದ್ದುದರಿಂದ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮೊದಲು. ಊಟದ ನಂತರ 15 ನಿಮಿಷ ಓಣಿಯಲ್ಲಿ ನಡಿಗೆ, ಹೆಂಡತಿಯ ಜೊತೆ. ವಾರಕ್ಕೆ ಮೂರು ಬೆಳಿಗ್ಗೆ ಶಕ್ತಿ ವ್ಯಾಯಾಮ. ಹಳೆಯ ಗರಡಿಯ ನೆನಪಿನಲ್ಲಿ ಮೊದಲ ದಿನವೇ 50 ಬೈಠಕ್ ಹೊಡೆದು ಮಂಡಿ ಊದಿಸಿಕೊಂಡು ಹತ್ತು ದಿನ ಕಳೆದುಕೊಂಡರು. ಆಮೇಲೆ ಕುರ್ಚಿಯಿಂದ ಏಳುವುದು-ಕೂರುವುದು 8ರಂತೆ ಮೂರು ಸಲ, ಗೋಡೆಗೆ ಕೈಯೊತ್ತಿ ದಂಡ 10ರಂತೆ ಮೂರು ಸಲ, ಎರಡು ಕೈಯಲ್ಲಿ 5 ಲೀಟರಿನ ಬಣ್ಣದ ಡಬ್ಬಿ ಹಿಡಿದು 40 ಹೆಜ್ಜೆ. ಎಮಲ್ಷನ್ ತುಂಬಿದ ಅಂಥ ಡಬ್ಬಿ ಒಂದು ಏಳು ಕಿಲೊ ತೂಗುತ್ತದೆ. ಜಿಮ್ಮಿನ ಡಂಬೆಲ್ ಬೇಕಾಗಲಿಲ್ಲ. ಎರಡು ವಾರಕ್ಕೊಮ್ಮೆ 2 ಸಲ ಹೆಚ್ಚಿಸುತ್ತ ಹೋದರು.

ತಂಬಾಕಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಮೊದಲ ದಿನವೇ ಬಿಡಿಸಬೇಕು ಎನ್ನುವವರಿದ್ದಾರೆ, ಅವರ ಮಾತಿಗೆ ತೂಕವಿದೆ. ಇಲ್ಲಿ ಎಂಟನೇ ವಾರದ ಒಂದು ಸೋಮವಾರವನ್ನು ಗುರುತಿಟ್ಟರು, ಏಕೆಂದರೆ ನಿದ್ದೆಗೆಟ್ಟವನು ಎಚ್ಚರವಾಗಿರಲು ಬಾಯಿಗೆ ಹಾಕಿಕೊಳ್ಳುತ್ತಾನೆ. ಬಾಯಿ ಪರೀಕ್ಷೆಯನ್ನು ಮಾತ್ರ ಮುಂದೂಡಲಿಲ್ಲ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ತೆರೆದ ಬಾಯಲ್ಲಿ ಹಿಡಿಯದಿದ್ದರೆ, ಖಾರ ತಿಂದರೆ ಉರಿದರೆ, ಬಿಳಿ ಪೊರೆ ಕಂಡರೆ ದಂತ ವೈದ್ಯರಿಗೆ ತಡಮಾಡದೆ ತೋರಿಸಬೇಕು. ಧಾರವಾಡದ ಸತ್ತೂರಿನಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಇವರಿಗೆ ಎರಡೂವರೆ ಬೆರಳು ಹಿಡಿಯುತ್ತಿತ್ತು, ಪೊರೆ ಇರಲಿಲ್ಲ. ನಿಕೋಟಿನ್ ಗಮ್ ಕೊಟ್ಟಾಗ ಗುಟ್ಕಾದಂತೆಯೇ ಜಗಿದು ರಸ ನುಂಗಿದರು: ಬಿಕ್ಕಳಿಕೆ, ಎದೆಯುರಿ. ಗಮ್ಮನ್ನು ನಾಲ್ಕಾರು ಸಲ ನಿಧಾನವಾಗಿ ಅಗಿದು, ಚುರುಕು ರುಚಿ ಬಂದೊಡನೆ ದವಡೆ ಮತ್ತು ಕೆನ್ನೆಯ ನಡುವೆ ಇಡಬೇಕು, ರುಚಿ ಹೋದಾಗ ಮತ್ತೆ ಅಗಿಯಬೇಕು. ಚಹಾ ಕುಡಿದ 15 ನಿಮಿಷ ಅದನ್ನು ಹಾಕಬಾರದು, ನಿಕೋಟಿನ್ ಹೀರಿಕೊಳ್ಳುವುದಿಲ್ಲ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ನಾಲ್ಕು ಸಲ ಮಾತಾಡಿದರು. ಎರಡು ಸಲ ಜಾರಿದರು, ಎರಡೂ ಮದುವೆ ಮನೆಯಲ್ಲಿ. ಐದನೇ ತಿಂಗಳಿನಿಂದ ಪಾಕೀಟು ಇಲ್ಲ.

ಇನ್ನೊಂದು ಸಂಗತಿ ಮೂರನೇ ಭೇಟಿಯಲ್ಲಿ, ಹೆಂಡತಿ ಹೊರಗೆ ಹೋದ ಮೇಲೆ ಹೊರಬಿತ್ತು. ಎರಡು ವರ್ಷದಿಂದ ನಿಮಿರುವಿಕೆ ಸರಿಯಿಲ್ಲ, ಗೆಳೆಯರೊಬ್ಬರು ಕೊಟ್ಟ ಗುಳಿಗೆ ಕದ್ದು ನುಂಗುತ್ತಿದ್ದರು. ಇದನ್ನು ಕೇಳದೆ ಬಿಡುವ ವೈದ್ಯರೂ, ಹೇಳದೆ ಬಿಡುವ ಗಂಡಸರೂ ಬಹಳ. ಆ ಭಾಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಹಾಳಾಗುವುದು ಅಲ್ಲೇ ಮೊದಲು ಕಾಣುತ್ತದೆ. ಹೃದಯದ ಕಾಯಿಲೆಗೆ ಕೆಲವು ವರ್ಷ ಮುಂಚಿನ ಸೂಚನೆ ಅದು. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಗುಳಿಗೆ ಬಳಸುವವರು ಇಂಥ ಗುಳಿಗೆ ನುಂಗಿದರೆ ಬಿಪಿ ಪಾತಾಳಕ್ಕಿಳಿದು ಪ್ರಾಣಕ್ಕೇ ಬರಬಹುದು. ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ಪರೀಕ್ಷೆಗೆ ರಕ್ತ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ತೆಗೆಸಿದಾಗ ಸ್ವಲ್ಪ ಕಡಿಮೆ ಇತ್ತು. ಅದರ ಚುಚ್ಚುಮದ್ದು ಕೊಡಲಿಲ್ಲ, ಅದು ಉಸಿರುಗಟ್ಟುವಿಕೆಯನ್ನು ಹೆಚ್ಚಿಸಬಹುದು. ಒಂಬತ್ತನೇ ತಿಂಗಳಿಗೆ ತಾನಾಗಿ ಸಹಜ ಮಟ್ಟಕ್ಕೆ ಬಂತು. ಅಷ್ಟರೊಳಗೆ ಗಂಡಹೆಂಡಿರು ಈ ಮಾತನ್ನು ತಮ್ಮೊಳಗೆ ಆಡುವಂತಾಗಿದ್ದರು. ಎರಡು ವರ್ಷ ಬೇರೆ ಖೋಲಿಯಲ್ಲಿ ಮಲಗಿದ್ದಕ್ಕೆ ಗೊರಕೆಯೊಂದೇ ಕಾರಣ ಎಂದು ಹೆಂಡತಿ, ತನ್ನ ಮೇಲಿನ ಬೇಸರ ಕಾರಣ ಎಂದು ಗಂಡ, ಇಬ್ಬರೂ ತಮ್ಮತಮ್ಮಲ್ಲೇ ಇಟ್ಟುಕೊಂಡಿದ್ದರು.

ಬಿಪಿಯನ್ನು ಮನೆಯಲ್ಲೇ ಅಳೆದರು: ತೋಳಿಗೆ ಕಟ್ಟುವ ಯಂತ್ರ, ಐದು ನಿಮಿಷ ಬೆನ್ನು ಒರಗಿಸಿ ಕೂತು, ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಸಂಜೆ ಏಳು ದಿನ, ಮೊದಲ ದಿನದ್ದು ಬಿಟ್ಟು ಸರಾಸರಿ. ಐದನೇ ತಿಂಗಳಲ್ಲಿ 124 ಬಂತೆಂದು ಗುಳಿಗೆ ತಾವೇ ನಿಲ್ಲಿಸಿದರು. ಮೂರು ವಾರದಲ್ಲಿ 144. ಗುಳಿಗೆಯಿಂದ ಬಂದ ಅಂಕಿಯನ್ನು ಗುಣವಾದದ್ದು ಎಂದು ಓದುವುದು ಈ ವಯಸ್ಸಿನ ಗಂಡಸರ ಸಾಮಾನ್ಯ ತಪ್ಪು.

ಹನ್ನೆರಡನೇ ತಿಂಗಳಿಗೆ ತೂಕ 78.5, ಸೊಂಟ 95, ಎಚ್‌ಬಿಎ1ಸಿ 6.4, ಒಂದು ಗುಳಿಗೆಯ ಮೇಲೆ ಬಿಪಿ 126/80. ಯಂತ್ರದ ಬಳಕೆ ರಾತ್ರಿಗೆ ಸರಾಸರಿ 5 ತಾಸು 40 ನಿಮಿಷ. ಒಳ್ಳೆಯ ಕೊಬ್ಬು 34ರಿಂದ 37, ಅಷ್ಟೇ. ಬಾಯಿ ಇನ್ನೂ ಎರಡೂವರೆ ಬೆರಳೇ. ಅಡಿಕೆ ಬಿಗಿಸಿದ ಬಾಯಿ ಪಾಕೀಟು ಬಿಟ್ಟ ಮಾತ್ರಕ್ಕೆ ಸಡಿಲವಾಗುವುದಿಲ್ಲ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಮಗ ರಾತ್ರಿ ಊಟಕ್ಕೆ ಅಪ್ಪನ ಪಕ್ಕ ಕೂರುತ್ತಾನೆ. ಮಗಳು ಈಗಲೂ ಮಾತು ಕಡಿಮೆ. ಅವಳ ಪರೀಕ್ಷೆಯ ವರ್ಷವೆಲ್ಲ ಮನೆ ಈ ಗದ್ದಲದಲ್ಲಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯೋಜನೆಯಲ್ಲಿ ಆದ ದೊಡ್ಡ ಲೋಪ ಇದೇ ಎಂದು ನಮ್ಮ ಎಣಿಕೆ.

ಏಳನೇ ತಿಂಗಳಲ್ಲಿ ಎಲ್ಲವೂ ಹಿಂದಕ್ಕೆ ಜಾರಿತ್ತು. ದಸರಾದಿಂದ ದೀಪಾವಳಿಯವರೆಗೆ ಬಣ್ಣದ ಹಂಗಾಮು. ಶಟರ್ ಹತ್ತೂವರೆಗೆ ಹೋಯಿತು, ಊಟ ಹನ್ನೊಂದೂವರೆಗೆ, ತೂಕ ಎರಡು ಕಿಲೊ ಏರಿತು. ಹಂಗಾಮಿನಲ್ಲಿ ಎಂಟಕ್ಕೆ ಮುಚ್ಚಿರಿ ಎಂದು ಬಣ್ಣದ ಅಂಗಡಿಯವರಿಗೆ ಹೇಳುವುದು ಹೊಲದವರಿಗೆ ಸುಗ್ಗಿಯಲ್ಲಿ ಮನೆಯಲ್ಲಿರಿ ಎಂದಂತೆ. ಬರುವ ವರ್ಷಕ್ಕೆ ಬೇರೆ ಏರ್ಪಾಡಾಗಿದೆ. ಆ ಐದು ವಾರ ಶಟರ್ 9.30ರವರೆಗೆ, ಆದರೆ ರೊಟ್ಟಿಯ ಡಬ್ಬಿ ಚಿಗರಿ ಬಸ್ಸಿನಲ್ಲಿ ಮಗನ ಕೈಯಲ್ಲಿ 7.45ಕ್ಕೆ ಅಂಗಡಿಗೆ ಬರುತ್ತದೆ. ಅಣ್ಣತಮ್ಮ ಸರದಿಯ ಮೇಲೆ ಗೋದಾಮಿನಲ್ಲಿ ಕೂತು ಎಂಟೂಕಾಲರೊಳಗೆ ಉಂಡು ಮುಗಿಸುತ್ತಾರೆ. ಹಂಗಾಮಿಗೊಬ್ಬ ಹೆಚ್ಚಿನ ಹುಡುಗನನ್ನು ಸಂಜೆ ಆರರಿಂದ ಹತ್ತರವರೆಗೆ ಇಟ್ಟುಕೊಳ್ಳುತ್ತಾರೆ. ಅವನ ಪಗಾರವನ್ನು ಹೆಂಡತಿ ಈಗಾಗಲೇ ಉದ್ರಿ ವಸೂಲಿಯ ಹಣದಲ್ಲಿ ಬೇರೆ ತೆಗೆದಿಟ್ಟಿದ್ದಾರೆ.